ಬಿಎಂಐ 35: ಈ ಗೆರೆ ಎಳೆದವರು ಯಾರು?

ಎತ್ತರ 160 ಸೆಂ.ಮೀ., ತೂಕ 85 ಕೆಜಿ. ಎಷ್ಟು ಮಾತ್ರೆ ನುಂಗಿದರೂ ಶುಗರ್ ಹತೋಟಿಗೆ ಬರುತ್ತಿಲ್ಲ. ಇಂಥ ಹೆಂಗಸಿಗೆ ಡಾಕ್ಟರು ಬೇರಿಯಾಟ್ರಿಕ್ ಸರ್ಜರಿ, ಅಂದರೆ ತೂಕ ಇಳಿಸುವ ಆಪರೇಷನ್, ಮಾಡಿಸಿಕೊಳ್ಳಿ ಅನ್ನಬಹುದು. ಬಿಎಂಐ 35 ಮುಟ್ಟಿಲ್ಲ, ಖರ್ಚು ಕೊಡಲು ಆಗಲ್ಲ ಎಂದು ವಿಮೆಯವರು ಅನ್ನಬಹುದು. ಬಿಎಂಐ ಅಂದರೆ ಎತ್ತರಕ್ಕೆ ತೂಕ ಎಷ್ಟು ಎಂಬ ಅಳತೆ. ಕೆಜಿಯಲ್ಲಿರುವ ತೂಕ 85ನ್ನು ಮೀಟರಿನಲ್ಲಿರುವ ಎತ್ತರ 1.6ರಿಂದ ಎರಡು ಸಲ ಭಾಗಿಸಿ ನೋಡಿ, 33.2 ಬರುತ್ತದೆ. ಅದೇ ಆಕೆಯ ಬಿಎಂಐ.

ಈ ಲೆಕ್ಕ 1830ರ ದಶಕದ್ದು. ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟ್ಲೆ 'ಸರಾಸರಿ ಮನುಷ್ಯ' ಹೇಗಿರುತ್ತಾನೆ ಎಂದು ಹುಡುಕುತ್ತಿದ್ದರು. ಒಬ್ಬೊಬ್ಬರ ಕಾಯಿಲೆ ಅಳೆಯುವುದು ಅವರ ಉದ್ದೇಶವೇ ಆಗಿರಲಿಲ್ಲ. ಬಿಎಂಐ ಎಂಬ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಅವರಿಂದ. ಅದಕ್ಕೂ ಮುಂಚೆ ಅಲ್ಲಿನ ಡಾಕ್ಟರುಗಳು ನೋಡುತ್ತಿದ್ದದ್ದು ಮೆಟ್ರೊಪಾಲಿಟನ್ ಲೈಫ್ ಎಂಬ ವಿಮಾ ಕಂಪನಿಯ ಎತ್ತರ-ತೂಕದ ಪಟ್ಟಿಯನ್ನು. ತೂಕಕ್ಕೂ ವಿಮೆಗೂ ನಂಟು ಅಷ್ಟು ಹಳೆಯದು.

ಆಪರೇಷನ್ನಿನ ಗೆರೆ ಬಿದ್ದದ್ದು 1991ರಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ, ಬಿಎಂಐ 40 ದಾಟಿದ್ದರೆ ಸರಿ, ಜೊತೆಗೆ ಗಂಭೀರ ಕಾಯಿಲೆ ಇದ್ದರೆ 35 ಸಾಕು ಎಂದಿತು.

ಆದರೆ ನಮ್ಮ ಮೈಕಟ್ಟೇ ಬೇರೆ, ಅಲ್ವಾ? 2004ರಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ತಮ್ಮದೇ ಫೋಟೊ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3. ಮೈಯಲ್ಲಿನ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2! ಕಡಿಮೆ ತೂಕಕ್ಕೇ ನಮಗೆ ಶುಗರ್, ಹೃದಯದ ಕಾಯಿಲೆ ಬರುವುದು ಸುಮ್ನೆ ಅಲ್ಲ. ಹಾಗಾಗಿ 2009ರಲ್ಲಿ ಭಾರತದ ತಜ್ಞರು ಸರ್ಜರಿಯ ಗೆರೆಯನ್ನು 37.5ಕ್ಕೆ, ಕಾಯಿಲೆ ಇದ್ದವರಿಗೆ 32.5ಕ್ಕೆ ಇಳಿಸಿದರು. ನಮ್ಮ 33.2ರ ಹೆಂಗಸು ಇದರೊಳಗೆ ಬರುತ್ತಾರೆ.

ಹತ್ತು ವರ್ಷದ ನಂತರ, 2019ರಲ್ಲಿ, ವಿಮಾ ನಿಯಂತ್ರಕ ಐಆರ್‌ಡಿಎಐ ಪಾಲಿಸಿಗಳ ಭಾಷೆಯನ್ನು ಏಕರೂಪ ಮಾಡಿತು. ಈ ಸರ್ಜರಿಯ ಖರ್ಚು ಕೊಡಲು ಅಲ್ಲಿ ಬರೆದದ್ದು ಮತ್ತೆ ಅದೇ 40 ಮತ್ತು 35. 2022ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಸರ್ಜನ್ನರ ಸಂಘಗಳೇ 1991ರ ಗೆರೆ ಬಿಟ್ಟು, ಏಷ್ಯಾದವರಿಗೆ 27.5ರಿಂದಲೇ ಸರ್ಜರಿ ಯೋಚಿಸಬಹುದು ಎಂದವು. ಆ 35ನ್ನು ಇಲ್ಲಿ ಇನ್ನೂ ಹಿಡಿದುಕೊಳ್ಳುವುದು ನನಗೆ ನ್ಯಾಯ ಅನ್ನಿಸುವುದಿಲ್ಲ. 160 ಸೆಂ.ಮೀ. ಎತ್ತರದವರು ಅದನ್ನು ಮುಟ್ಟಲು 89.6 ಕೆಜಿ ತೂಗಬೇಕು.

ವಿಮೆಯ ಹಣ ಬೇಕೆಂದರೆ 35 ದಾಟಿದರೂ ಕೆಲಸ ಮುಗಿಯಲಿಲ್ಲ. ಹತೋಟಿಗೆ ಬಾರದ ಟೈಪ್ 2 ಶುಗರ್, ಹೃದಯದ ತೊಂದರೆ ಅಥವಾ ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ಸಮಸ್ಯೆ ಇರಬೇಕು. ಬೇರೆ ದಾರಿಗಳು ಫಲಿಸಲಿಲ್ಲ ಅನ್ನುವುದೂ ಗೊತ್ತಾಗಬೇಕು. ಅದಕ್ಕೇ ಡಯಟ್ ಚೀಟಿ, ಔಷಧಿ ಚೀಟಿ ಯಾವುದನ್ನೂ ಎಸೆಯಬೇಡಿ.