ಗಿಫ್ಟ್ ಅಂತ ಬರೆದರೆ ಬೆಲೆ ಸೊನ್ನೆ ಆಗಲ್ಲ

ಮುಂಬೈನ ಮಾಟುಂಗದಲ್ಲಿರುವ ನನ್ನ ಅಂಗಡಿಗೆ ಫಾರಿನ್ ಪಾರ್ಸೆಲ್ ಬುಕ್ ಮಾಡಲು ಬರುವವರಲ್ಲಿ ಅರ್ಧಕ್ಕರ್ಧ ನಮ್ಮ ಕನ್ನಡದವರೇ. ಡೊಂಬಿವಲಿ, ಠಾಣೆಯಿಂದಲೂ ಚೀಲ ಹೊತ್ತು ಬರುತ್ತಾರೆ. ಪ್ಯಾಕಿಂಗ್, ತೂಕ, ಆಧಾರ್ ಝೆರಾಕ್ಸ್, ಎಲ್ಲ ಸಲೀಸು. ಫಾರ್ಮ್‌ನಲ್ಲಿ ಬೆಲೆ ಬರೆಯುವ ಜಾಗಕ್ಕೆ ಬಂದಾಗ ಮಾತ್ರ ಜಗಳ ಶುರು.

"ಗಿಫ್ಟ್ ಅದ ಅಣ್ಣಾರ, ಮಗಳ ಹತ್ರ ರೊಕ್ಕ ತಗೋತೀನೇನು? ಸೊನ್ನಿ ಹಾಕ್ರಿ."

ಧಾರವಾಡ ಕಡೆಯ ಒಬ್ಬ ಕಾಕು, ಅಂದರೆ ಚಿಕ್ಕಮ್ಮನಂಥವರು, ಹೇಳಿದ ಮಾತಿದು. ಮಂಗಳೂರಿನವರೂ ಇದನ್ನೇ ಹೇಳುತ್ತಾರೆ, ಬೇರೆ ಕನ್ನಡದಲ್ಲಿ. ಇಷ್ಟು ವರ್ಷ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ, ಇನ್ನೊಂದು ಸಲ ಹೇಳುತ್ತೇನೆ. ಮಗಳಿಗೆ ಅದು ಪುಕ್ಕಟೆ ಇರಬಹುದು. ಕಸ್ಟಮ್ಸ್‌ನವರು ಕೇಳುವುದು ಅದನ್ನಲ್ಲ. ಈ ಸೀರೆಯನ್ನು ಅಂಗಡಿಯಲ್ಲಿ ಕೊಂಡರೆ ಎಷ್ಟಾಗುತ್ತದೆ, ಅಷ್ಟೇ ಅವರ ಪ್ರಶ್ನೆ. ಯಾರು ದುಡ್ಡು ಕೊಟ್ಟರು, ಯಾರು ಕೊಡಲಿಲ್ಲ ಅನ್ನುವುದು ನಿಮ್ಮ ಮನೆಯ ವಿಷಯ. ಅಂಚೆಯಲ್ಲಿ ಕಳಿಸಿದರೂ ಇದೇ ಕಥೆ. ಅಲ್ಲಿನ ಸಿಎನ್ 22, ಸಿಎನ್ 23 ಅನ್ನುವ ಕಸ್ಟಮ್ಸ್ ಫಾರ್ಮ್‌ಗಳಲ್ಲಿ ಗಿಫ್ಟ್ ಅಂತ ಟಿಕ್ ಹಾಕಲು ಚೌಕ ಇದೆ, ಬೆಲೆಗೆ ಬೇರೆ ಜಾಗ ಇದೆ. ಟಿಕ್ ಹಾಕಿದರೆ ಬೆಲೆ ಬೇಡ ಅಂತಿದ್ದರೆ ಆ ಜಾಗ ಯಾಕೆ ಇಡುತ್ತಿದ್ದರು, ಅಲ್ವಾ?

ಗಿಫ್ಟ್ ಅನ್ನುವ ಮಾತಿಗೆ ಬೆಲೆಯೇ ಇಲ್ಲ ಅಂತಲ್ಲ. ಆದರೆ ಅದಕ್ಕೆ ಮಿತಿ ಇದೆ, ಆ ಮಿತಿಯನ್ನು ಗೊತ್ತುಮಾಡುವುದು ಪಾರ್ಸೆಲ್ ಹೋಗಿ ಸೇರುವ ದೇಶ. ಬ್ರಿಟನ್‌ನಲ್ಲಿ 39 ಪೌಂಡ್‌ವರೆಗಿನ ಗಿಫ್ಟ್‌ಗೆ ವ್ಯಾಟ್ (ನಮ್ಮ ಜಿಎಸ್‌ಟಿ ತರಹದ ತೆರಿಗೆ) ಇಲ್ಲ, 135 ಪೌಂಡ್ ದಾಟಿದರೆ ವ್ಯಾಟ್ ಜೊತೆ ಸುಂಕವೂ ಬರಬಹುದು. ಯುರೋಪಿಯನ್ ಒಕ್ಕೂಟದಲ್ಲಿ 45 ಯೂರೋ. ಕೆನಡಾದಲ್ಲಿ ಅವರ 60 ಡಾಲರ್. ಅಮೆರಿಕದ್ದು 100 ಡಾಲರ್. "ಮೊದಲು 800 ಡಾಲರ್ ಇತ್ತಲ್ಲ" ಅಂತ ಇವತ್ತಿಗೂ ವಾದ ಮಾಡುವವರಿದ್ದಾರೆ. ಇತ್ತು, 2025ರ ಆಗಸ್ಟ್ 29ಕ್ಕೆ ಹೋಯಿತು. ಆ ಗದ್ದಲದಲ್ಲಿ ನಮ್ಮ ಅಂಚೆಯವರೇ ಅಮೆರಿಕದ ಪಾರ್ಸೆಲ್ ನಿಲ್ಲಿಸಿ ಅಕ್ಟೋಬರ್ 15ಕ್ಕೆ ಮತ್ತೆ ಶುರು ಮಾಡಿದ್ದರು. ಹಾಗಾಗಿ ನಾನು ಹೇಳುವ ಅಂಕಿಗಳನ್ನೂ ಕಲ್ಲಲ್ಲಿ ಕೆತ್ತಿಟ್ಟುಕೊಳ್ಳಬೇಡಿ. ಕಳಿಸುವ ವಾರ ಒಮ್ಮೆ ನೋಡಿಕೊಳ್ಳಿ.

ಇನ್ನೊಂದು, ಗಿಫ್ಟ್ ಅಂದರೆ ಮನುಷ್ಯರು ಮನುಷ್ಯರಿಗೆ ಕಳಿಸುವುದು. ವಾಟ್ಸ್ಯಾಪ್‌ನಲ್ಲಿ ಆರ್ಡರ್ ತಗೊಂಡು ಉಪ್ಪಿನಕಾಯಿ ಮಾರಿ ನನ್ನ ಹತ್ತಿರ ಗಿಫ್ಟ್ ಅನ್ನಬೇಡಿ. ಡಬ್ಬಿಗಳ ಮೇಲೆ ನಿಮ್ಮದೇ ಲೇಬಲ್ ಇರುತ್ತದೆ, ಸ್ವಾಮಿ.

ಕಾಕು ಕಥೆ ಅಲ್ಲಿಗೇ ಬಿಟ್ಟಿದ್ದೆ. ಮಗಳು ಲಂಡನ್‌ನಲ್ಲಿ, ಸೀಮಂತಕ್ಕೆ ಇಳಕಲ್ ರೇಷ್ಮೆ ಸೀರೆ. ಸೊನ್ನೆ ಬರೆಯಲ್ಲ ಅಂತ ನಾನು ಹಟ ಹಿಡಿದಿದ್ದಕ್ಕೆ ಸಿಟ್ಟಾಗಿ ಬೇರೆ ಕಡೆ ಹೋಗಿ 2000 ರೂಪಾಯಿ ಅಂತ ಬರೆಸಿದರು. ಸೀರೆ 14,000ದ್ದು. ಬಣ್ಣ ಒಪ್ಪದಿದ್ದರೆ ಬದಲಾಯಿಸಬಹುದು ಅಂತ ಬಿಲ್ಲನ್ನು ಸೀರೆಯ ಮಡಿಕೆಯಲ್ಲೇ ಇಟ್ಟಿದ್ದರು! ಲಂಡನ್‌ನಿಂದ ಇಳಕಲ್‌ಗೆ ಯಾರು ಬದಲಾಯಿಸಲು ಬರುತ್ತಾರೋ. ಅಲ್ಲಿ ತೆರೆದು ನೋಡಿದರು, ಪಾರ್ಸೆಲ್ ತಡೆದರು, ಮಗಳಿಗೆ ಕಾಗದ ಬಂತು. ನಿಜ ಬೆಲೆ ಬರೆದಿದ್ದರೆ ಶೇ. 20 ವ್ಯಾಟ್, ಅಂದರೆ ಸೀರೆಯ ಬೆಲೆಗೇ ಸುಮಾರು 2800 ರೂಪಾಯಿ, ಮೇಲೆ ಕೊರಿಯರ್‌ನವರ ಫೀ, ಅಷ್ಟರಲ್ಲಿ ಮುಗಿಯುತ್ತಿತ್ತು. ಸೀರೆ ಕೈಸೇರುವಾಗ ಸೀಮಂತ ಮುಗಿದು ಮೂರು ವಾರ ಆಗಿತ್ತು. ಜಪ್ತಿ ಆಗಲಿಲ್ಲವಲ್ಲ, ಅದೇ ಪುಣ್ಯ. ಕಳೆದುಹೋಗಿದ್ದರೂ ಪರಿಹಾರ ಕೇಳಲು ಬರೆದ 2000ವೇ ಲೆಕ್ಕಕ್ಕೆ ಬರುತ್ತಿತ್ತು.

ಅದರ ಜೊತೆ ಧಾರವಾಡ ಪೇಡೆಯನ್ನೂ ಇಟ್ಟಿದ್ದರು. ಹಾಲಿನ ಪದಾರ್ಥ ಬ್ರಿಟನ್‌ಗೆ, ಯುರೋಪಿಗೆ ಹೀಗೆ ಕಳಿಸುವ ಹಾಗಿಲ್ಲ. ಪೇಡೆ ಏನಾಯಿತು ಅಂತ ನಾನು ಕೇಳಲಿಲ್ಲ.

"ನಾನು ಇಲ್ಲೇ ದುಡ್ಡೆಲ್ಲ ಕಟ್ಟಿದ್ದೆ, ಮಗಳ ಹತ್ರ ಯಾಕೆ ಕೇಳಿದರು" ಅಂತ ಕೇಳುವವರಿಗೂ ಒಂದು ಮಾತು. ನೀವು ನನಗೆ ಕೊಟ್ಟಿದ್ದು ಸಾಗಣೆಯ ದುಡ್ಡು. ತೆರಿಗೆ ಆ ದೇಶದ್ದು, ಸಾಮಾನ್ಯವಾಗಿ ಪಾರ್ಸೆಲ್ ತಗೊಳ್ಳುವವರ ಹತ್ತಿರವೇ ಕೇಳುತ್ತಾರೆ. ಕಳಿಸುವವರೇ ಕಟ್ಟುವ ಏರ್ಪಾಡೂ ಕೆಲವು ಕಡೆ ಇದೆ, ಬುಕ್ ಮಾಡುವಾಗಲೇ ಹೇಳಬೇಕು.

ಮಿತಿಯೊಳಗೆ ಇರಬೇಕು ಅಂದರೆ ನೇರ ದಾರಿಯೂ ಇದೆ. ಒಂದೇ ಬಾಕ್ಸ್‌ನಲ್ಲಿ ಇಬ್ಬರಿಗೆ ಗಿಫ್ಟ್ ಇದ್ದರೆ ಬ್ರಿಟನ್‌ನಲ್ಲಿ ಇಬ್ಬರಿಗೂ ಬೇರೆ ಬೇರೆ 39 ಪೌಂಡ್ ಸಿಗುತ್ತದೆ. ಆದರೆ ಬೇರೆ ಬೇರೆ ಸುತ್ತಿರಬೇಕು, ಅವರವರ ಹೆಸರು ಹಾಕಿರಬೇಕು, ಫಾರ್ಮ್‌ನಲ್ಲೂ ಬೇರೆ ಬೇರೆ ಬೆಲೆ ಬರೆದಿರಬೇಕು.

ಹೋದ ವರ್ಷ ಮುಲುಂಡ್‌ನ ಒಬ್ಬ ಅಜ್ಜಿಗೆ ಇದನ್ನು ವಿವರಿಸಿದೆ. ಇಬ್ಬರು ಸೊಸೆಯಂದಿರು, ಎರಡು ಸೀರೆ, ಒಂದು 3000, ಒಂದು 4200. ಫಾರ್ಮ್ ಬಾಕ್ಸ್‌ನ ಹೊರಗೆ ಅಂಟಿಸುತ್ತೇವೆ ಅಂದ ಕೂಡಲೇ ಅಜ್ಜಿ ಪೆನ್ನು ಹಿಡಿದ ನನ್ನ ಕೈ ತಡೆದರು. "ಇಬ್ಬರ ಹೆಸರು, ಪಕ್ಕದಲ್ಲೇ ರೇಟು! ಮಾರಾಯ, ನನ್ನ ಮನೆ ಒಡೀಬೇಕು ಅಂತಿದ್ದೀಯಾ?"

ಎರಡೂ ಸೀರೆ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟರು. ಸಂಜೆ ವಾಪಸ್ ಬಂದು ಎರಡಕ್ಕೂ 4200 ಅಂತ ಬರೆಸಿದರು. ಬಿಲ್ ಕೇಳಿ ನೋಡಿದೆ. ಬದಲಾಯಿಸಿಕೊಂಡೇ ಬಂದಿದ್ದರು.