ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಮೂರು

ಹೋದ ಬೇಸಿಗೆಯಲ್ಲಿ ಹೊಳಲ್ಕೆರೆ ಕಡೆಯ ರೈತರೊಬ್ಬರು ನೀರಿನ ರಿಪೋರ್ಟ್ ಹಿಡಿದುಕೊಂಡು ಬಂದಿದ್ದರು. ಹೊಸ ಬೋರ್‌ವೆಲ್. ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿನಲ್ಲಿಟ್ಟಿದ್ದ ಹಾಳೆ ಬೆವರಿಗೆ ಮೆತ್ತಗಾಗಿತ್ತು. ಕ್ಯಾಡ್ಮಿಯಂ ಅನ್ನುವ ಲೋಹದ ಎದುರು 0.003 ಅಂತ ಇತ್ತು. "ಸಾರ್, ಇದು ಸೊನ್ನೆ ಇದ್ದಂಗೇ ಅಲ್ವಾ?" ಅಂದರು. ಪಕ್ಕದಲ್ಲಿ ಮೊಬೈಲ್ ಒತ್ತುತ್ತಿದ್ದ ಮಗ, "ಇಲ್ಲಪ್ಪ, ಕಿಡ್ನಿ ಹೋಗುತ್ತಂತೆ" ಅಂದ. ಇಬ್ಬರದೂ ಅವಸರ.

ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರಲ್ಲಿ ಕ್ಯಾಡ್ಮಿಯಂ ಮಿತಿ ಲೀಟರಿಗೆ 0.003 ಮಿಲಿಗ್ರಾಂ, ಅಂದರೆ 3 ಮೈಕ್ರೋಗ್ರಾಂ. ಸೀಸಕ್ಕೂ ಆರ್ಸೆನಿಕ್‌ಗೂ 10 ಮೈಕ್ರೋಗ್ರಾಂ. ಇವರ ನೀರು ಸರಿಯಾಗಿ ಗೆರೆಯ ಮೇಲೇ ನಿಂತಿತ್ತು. ಪಾಸೋ ಫೇಲೋ ಅಂತ ಹೇಳೋಕೆ ಇಷ್ಟು ಸಾಕು. ಮನೆಯಲ್ಲಿ ಯಾರಿಗೆ ಎಷ್ಟು ಅಪಾಯ ಅಂತ ಹೇಳೋಕೆ ಸಾಲದು.

ಹಾಗಾಗಿ ನಾನು ಕೇಳಿದ್ದು ಬೇರೆ. ಮನೆಯಲ್ಲಿ ಎಷ್ಟು ಜನ? ಯಾರು ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ? ಯಜಮಾನರು ತಲೆ ಕೆರೆದುಕೊಂಡರು. ಯಾರೂ ಅದನ್ನು ಲೆಕ್ಕ ಇಟ್ಟಿರುವುದಿಲ್ಲ. ಕೊನೆಗೆ ತಂಬಿಗೆ ಲೆಕ್ಕದಲ್ಲಿ ಹೇಳಿದರು. ರಿಪೋರ್ಟಿನ ಹಿಂದೆಯೇ ಬರೆದುಕೊಂಡೆ.

ಲೆಕ್ಕ ಕಷ್ಟದ್ದಲ್ಲ. ಲೀಟರಿನಲ್ಲಿ ಎಷ್ಟು ಲೋಹ ಇದೆಯೋ ಅದನ್ನು ಕುಡಿಯುವ ಲೀಟರಿನಿಂದ ಗುಣಿಸಿ, ಮೈತೂಕದಿಂದ ಭಾಗಿಸಬೇಕು. ಜೀವಮಾನವಿಡೀ ದಿನಾ ಒಳಗೆ ಹೋದರೂ ತೊಂದರೆ ಆಗಲಿಕ್ಕಿಲ್ಲ ಅನ್ನುವ ಪ್ರಮಾಣವೊಂದಿದೆ. ನೀರಿನ ಕ್ಯಾಡ್ಮಿಯಂಗೆ ಅಮೆರಿಕದ ಪರಿಸರ ಸಂಸ್ಥೆ ಇಟ್ಟಿರುವುದು ಮೈತೂಕದ ಕೆಜಿಗೆ ದಿನಕ್ಕೆ ಅರ್ಧ ಮೈಕ್ರೋಗ್ರಾಂ. ಬಂದ ಉತ್ತರವನ್ನು ಅದರಿಂದ ಭಾಗಿಸಿದರೆ ಸಿಗುವುದೇ ಹಜಾರ್ಡ್ ಕೋಷಂಟ್. ಒಂದು ದಾಟಿದರೆ ಯೋಚನೆ ಮಾಡಬೇಕು.

60 ಕೆಜಿಯ ಯಜಮಾನರು 2 ಲೀಟರ್ ಕುಡಿದರೆ 0.2. 15 ಕೆಜಿಯ ಮೊಮ್ಮಗ 1 ಲೀಟರ್ ಕುಡಿದರೆ 0.4. ಮೆಕ್ಕೆಜೋಳದ ಹೊಲದಲ್ಲಿ ಬಿಸಿಲಿಗೆ ಕಳೆ ತೆಗೆಯುವ ಸೊಸೆ 50 ಕೆಜಿ, ದಿನಕ್ಕೆ 5 ಲೀಟರ್. ಅವಳದು 0.6. ನೀರು ಒಂದೇ, ಬೋರ್ ಒಂದೇ. ಸೊಸೆಯದು ಮಾವನ ಮೂರರಷ್ಟು! ಪುಸ್ತಕದಲ್ಲಿ ದೊಡ್ಡವರಿಗೆಲ್ಲ 2 ಲೀಟರ್ ಅಂತ ಹಿಡಿಯುತ್ತಾರೆ. ಚಿತ್ರದುರ್ಗದ ಏಪ್ರಿಲ್ ಬಿಸಿಲು ಕಂಡವರು ಹಾಗೆ ಹಿಡಿಯಲಾರರು.

ಎಲ್ಲರದೂ ಒಂದರ ಒಳಗೇ ಇದೆ, ನಿಜ. ಆದರೆ ಇದು ಬರೀ ನೀರಿನ ಲೆಕ್ಕ. ಅನ್ನದಲ್ಲೂ ಸೊಪ್ಪಿನಲ್ಲೂ ಕ್ಯಾಡ್ಮಿಯಂ ಸ್ವಲ್ಪ ಬರುತ್ತದೆ, ಬೀಡಿ ಹೊಗೆಯಲ್ಲಿ ಜಾಸ್ತಿ. ಒಳಗೆ ಹೋದದ್ದು ಕಿಡ್ನಿಯಲ್ಲಿ ಹತ್ತಿಪ್ಪತ್ತು ವರ್ಷ ಕೂತಿರುತ್ತದೆ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಇದ್ದವರು ಅದನ್ನು ಇನ್ನೂ ಜಾಸ್ತಿ ಹೀರಿಕೊಳ್ಳುತ್ತಾರೆ. ನಮ್ಮ ಕಡೆ ರಕ್ತ ಕಮ್ಮಿ ಇರುವ ಹೆಣ್ಣುಮಕ್ಕಳು ಎಷ್ಟು ಜನ ಅಂತ ಬೇರೆ ಹೇಳಬೇಕಾ?

ಅಷ್ಟಕ್ಕೂ ಆ 0.003 ಅನ್ನು ನಂಬಬಹುದಾ? ಇಲ್ಲಿ ನನಗೂ ಒಂದು ಪೆಟ್ಟು ಬಿದ್ದಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಚಳ್ಳಕೆರೆ ಕಡೆಯಿಂದ ನೀರು ತುಂಬಿಸಿಕೊಂಡು ಬಂದೆ. ಬಾಟಲಿಗೆ ನಾಲ್ಕು ಹನಿ ನೈಟ್ರಿಕ್ ಆಸಿಡ್ ಹಾಕುವುದು ಮರೆತೆ. ಆಸಿಡ್ ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟುತ್ತದೆ, ಕಬ್ಬಿಣ ತಳಕ್ಕೆ ಕೂರುತ್ತದೆ. ರಿಪೋರ್ಟ್ ಹಾಲಿನಷ್ಟು ಶುದ್ಧವಾಗಿ ಬಂತು. ಮತ್ತೆ ಹೋಗಿ ತಂದಾಗ ಕಥೆಯೇ ಬೇರೆ. ನನ್ನ ಮೇಲಿನವರು ಬೈದದ್ದು ಇನ್ನೂ ಕಿವಿಯಲ್ಲಿದೆ.

ಇನ್ನೊಂದು, ರಿಪೋರ್ಟಿನಲ್ಲಿ 'ಬಿ.ಡಿ.ಎಲ್.' ಅಂತ ಬರೆದಿರುತ್ತಾರೆ. ಯಂತ್ರಕ್ಕೆ ಸಿಗಲಿಲ್ಲ ಅಂತಷ್ಟೇ ಅದರ ಅರ್ಥ. ಸೀಸದ ಮಿತಿ 10 ಮೈಕ್ರೋಗ್ರಾಂ ಇರುವಾಗ 50ಕ್ಕಿಂತ ಕೆಳಗೆ ಕಾಣದ ಯಂತ್ರದಲ್ಲಿ ಪರೀಕ್ಷೆ ಮಾಡಿದರೆ ಏನು ಪ್ರಯೋಜನ? ಯಂತ್ರ ಎಷ್ಟರವರೆಗೆ ಕಾಣುತ್ತದೆ ಅಂತ ಕೇಳಿ ಬರೆಸಿಕೊಳ್ಳಿ. ಕೈಯಲ್ಲಿ ಹಿಡಿದು ಅದ್ದುವ ಟಿಡಿಎಸ್ ಮೀಟರ್‌ಗಂತೂ ಇಷ್ಟು ಸಣ್ಣ ಪ್ರಮಾಣದ ಲೋಹ ಗೊತ್ತೇ ಆಗುವುದಿಲ್ಲ.

"ಗಣಿ ನೀರು ಸಾರ್" ಅಂತ ಯಜಮಾನರ ಅನುಮಾನ. ಸುಮ್ನೆ ತಳ್ಳಿಹಾಕುವ ಮಾತಲ್ಲ. ಇಂಗಳದಾಳದಲ್ಲಿ ತಾಮ್ರ ತೆಗೆದಿದ್ದಾರೆ, ಹೊಳಲ್ಕೆರೆ ಹೊಸದುರ್ಗದ ಕಡೆ ಕಬ್ಬಿಣ, ಮ್ಯಾಂಗನೀಸ್ ಅದಿರಿದೆ. ಆದರೆ ನನ್ನ ಕಣ್ಣು ಹೋದದ್ದು ಅವರ ಪೈಪಿನ ಮೇಲೆ. ಬೋರಿಗೆ ಹೊಸ ಜಿ.ಐ. ಪೈಪ್ ಇಳಿಸಿ ಇನ್ನೂ ವಾರವಾಗಿತ್ತು. ಅದಕ್ಕೆ ಬಳಿಯುವ ಸತುವಿನಲ್ಲಿ ಕ್ಯಾಡ್ಮಿಯಂ ಕಲಬೆರಕೆ ಇರಬಹುದು.

ಎರಡು ಬಾಟಲಿ ಕೊಟ್ಟು ಕಳಿಸಿದೆ. ಒಂದು, ಮೋಟರ್ ಹತ್ತು ನಿಮಿಷ ಓಡಿಸಿದ ಮೇಲೆ ಹಿಡಿದದ್ದು. ಇನ್ನೊಂದು, ಬೆಳಗ್ಗೆ ಎದ್ದ ಕೂಡಲೇ ಅಡುಗೆಮನೆ ನಲ್ಲಿಯಿಂದ. ಅಲ್ಲಿಯವರೆಗೆ ಮಗುವಿಗೂ ಸೊಸೆಗೂ ಊರಿನ ಶುದ್ಧ ನೀರಿನ ಘಟಕದ್ದು, ಅನ್ನ ಮುದ್ದೆಗೂ ಅದೇ ಅಂದೆ. ಮಗ "ಕುದಿಸಿದರೆ ಆಗಲ್ವಾ?" ಅಂದ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಲೋಹ ಎಲ್ಲೂ ಹೋಗುವುದಿಲ್ಲ. ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ.

ತಿಂಗಳ ಮೇಲೆ ಎರಡೂ ರಿಪೋರ್ಟ್ ಬಂದವು. ಬೋರಿನ ನೀರಲ್ಲಿ ಕ್ಯಾಡ್ಮಿಯಂ ಲೀಟರಿಗೆ 1 ಮೈಕ್ರೋಗ್ರಾಂಗೆ ಇಳಿದಿತ್ತು. ಅಡುಗೆಮನೆ ನಲ್ಲಿಯಲ್ಲಿ ಮಾತ್ರ ಸೀಸ 14. ಯಾರೂ ಕೇಳಿರದ ಲೋಹ! ಸೀಸ ಬೆರೆತ ಹಿತ್ತಾಳೆ ನಲ್ಲಿಯಲ್ಲಿ ರಾತ್ರಿಯೆಲ್ಲ ನಿಂತ ನೀರು ಅದು. ಸೀಸಕ್ಕೆ ಕೋಷಂಟ್ ಲೆಕ್ಕ ನಾನು ಹಾಕುವುದಿಲ್ಲ. ಇಷ್ಟಾದರೆ ಪರವಾಗಿಲ್ಲ ಅನ್ನುವ ಪ್ರಮಾಣವೇ ಅದಕ್ಕಿಲ್ಲ. ಒಳಗೆ ಹೋದ ಸೀಸವನ್ನು ಮಕ್ಕಳ ಮೈ ದೊಡ್ಡವರ ನಾಲ್ಕೈದು ಪಟ್ಟು ಹೀರಬಹುದು.

ನಲ್ಲಿ ಬದಲಾಯಿಸಿದರು. ಬೆಳಗಿನ ಮೊದಲ ಬಿಂದಿಗೆ ಈಗ ಅಂಗಳದ ದಾಸವಾಳಕ್ಕೆ.