ಅಚ್ಚಾಗದ ಕವಿತೆಗಳ ಲೆಕ್ಕ

1920ರ ದಶಕದ ನ್ಯೂಯಾರ್ಕಿನಲ್ಲಿ ಅರಳಿದ ಕಪ್ಪು ಜನರ ಸಾಹಿತ್ಯ, ಕಲೆಗಳ ಚಳವಳಿಯಾದ ಹಾರ್ಲೆಮ್ ನವೋದಯದ ಪಾಠ ಶುರುವಾದರೆ ನಮ್ಮ ಎಂ.ಎ. ತರಗತಿಯಲ್ಲಿ ಲ್ಯಾಂಗ್‌ಸ್ಟನ್ ಹ್ಯೂಸ್, ಕೌಂಟಿ ಕಲೆನ್ ಎಂಬ ಕವಿಗಳ ಹೆಸರುಗಳನ್ನು ವಿದ್ಯಾರ್ಥಿಗಳೇ ಹೇಳುತ್ತಾರೆ. ಕಪ್ಪು ಕವಯಿತ್ರಿ ಆಂಜೆಲಿನಾ ವೆಲ್ಡ್ ಗ್ರಿಮ್ಕೆಯ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಅದಕ್ಕೇ ನಾನು ವಿಮರ್ಶಕಿ ಗ್ಲೋರಿಯಾ ಹಲ್ ಅವರ ‘ಕಲರ್, ಸೆಕ್ಸ್ ಅಂಡ್ ಪೊಯೆಟ್ರಿ’ (1987) ಓದಿಸುತ್ತೇನೆ. ವರ್ಣ, ಹೆಣ್ತನ, ಸಲಿಂಗ ಪ್ರೀತಿ ಈ ಮೂರನ್ನೂ ಒಟ್ಟಿಗೇ ಇಟ್ಟುಕೊಂಡು ಓದಬೇಕು ಎಂಬುದನ್ನು ಇಷ್ಟು ಮನಗಾಣಿಸಿದ ವಿಮರ್ಶೆ ನನಗೆ ಬೇರೆ ಸಿಕ್ಕಿಲ್ಲ.

ಗ್ರಿಮ್ಕೆ 1880ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದಾಕೆ. ತಂದೆ ಗುಲಾಮನಾಗಿ ಹುಟ್ಟಿ ವಕೀಲನಾದವರು. ಮಗಳು ವಾಷಿಂಗ್ಟನ್ನಿನಲ್ಲಿ ಇಂಗ್ಲಿಷ್ ಮೇಡಂ. ಕರಿಯರನ್ನು ಗುಂಪುಗೂಡಿ ಕೊಲ್ಲುತ್ತಿದ್ದ ಪಿಡುಗಿನ ವಿರುದ್ಧ ಬರೆದ ‘ರೇಚಲ್’ ನಾಟಕ 1916ರಲ್ಲಿ ಅಲ್ಲೇ ರಂಗವೇರಿತು. ಅಚ್ಚಾದ ಕವಿತೆಗಳು ಕೆಲವೇ. ಹಾವರ್ಡ್ ವಿಶ್ವವಿದ್ಯಾಲಯದಲ್ಲಿ ಉಳಿದಿದ್ದ ಆಕೆಯ ಕಾಗದಪತ್ರಗಳನ್ನು ಬಿಚ್ಚಿ ನೋಡಿದ ಹಲ್ ಅವರಿಗೆ ಎಂದೂ ಹೊರಬರದ ಪ್ರೇಮಕವಿತೆಗಳು ಸಿಕ್ಕವು. ಅವು ಹೆಣ್ಣಿಗೆ ಹೆಣ್ಣು ಬರೆದವು.

ಯಾಕೆ ಒಳಗೇ ಇಟ್ಟುಕೊಂಡರು? ‘ಆ ಕಾಲ ಹಾಗಿತ್ತು’ ಎಂದುಬಿಟ್ಟರೆ ಅರ್ಧ ಉತ್ತರ. ಕಪ್ಪು ಹೆಂಗಸರೆಂದರೆ ನಡತೆಗೆಟ್ಟವರು ಎಂಬ ಬಿಳಿಯರ ಅಪವಾದ ಎಲ್ಲೆಲ್ಲೂ ಹಬ್ಬಿದ್ದ ದಿನಗಳವು. ಹೆಸರುವಾಸಿ ಮನೆತನದ ಮಗಳೊಬ್ಬಳು ಇಂಥ ಕವಿತೆ ಅಚ್ಚು ಹಾಕಿಸಿದರೆ ಆಕೆಯ ಮಾನದ ಜೊತೆಗೆ ಇಡೀ ಸಮುದಾಯದ ಮಾನವೂ ಪಣಕ್ಕೆ ಬೀಳುತ್ತಿತ್ತು. ಬಿಳಿಯ ಕವಯಿತ್ರಿಗೂ ಹೆದರಿಕೆ ಇದ್ದೀತು, ಆದರೆ ಈ ಹೊರೆ ಇರಲಿಲ್ಲ.

ಹಲ್ ಅವರ ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡಿದ್ದು. ಆ ಚಳವಳಿಯ ಮುಖ್ಯ ಪೋಷಕ ಅಲೈನ್ ಲಾಕ್ ಸ್ವತಃ ಪುರುಷರನ್ನು ಪ್ರೀತಿಸುತ್ತಿದ್ದವರು. ಅವರ ಬೆಂಬಲ ಹೆಚ್ಚಾಗಿ ತರುಣ ಗಂಡಸರ ಪಾಲಾಯಿತು, ಹೆಂಗಸರು ಹೊರಗುಳಿದರು. ಒಂದೇ ಬಗೆಯ ಗುಟ್ಟು ಬಚ್ಚಿಟ್ಟುಕೊಂಡವರ ನಡುವೆಯೂ ಗಂಡು ಹೆಣ್ಣಿನ ಏರುತಗ್ಗು ಹಾಗೇ ಉಳಿಯಿತು. ಸಲಿಂಗ ಪ್ರೀತಿಯಂಥ ಬದುಕುಗಳನ್ನು ಓದುವ ಕ್ವಿಯರ್ ಅಧ್ಯಯನ ಮಾಡುವವರು ಇದನ್ನು ಮರೆಯಬಾರದು.

ಅದೇ ಕಾಲದ ಇನ್ನೊಬ್ಬ ಕಪ್ಪು ಲೇಖಕಿ ಆಲಿಸ್ ಡನ್‌ಬಾರ್-ನೆಲ್ಸನ್ ದಿನಚರಿಯನ್ನೂ ಹಲ್ ಅವರೇ ಸಂಪಾದಿಸಿ 1984ರಲ್ಲಿ ಹೊರತಂದರು. ವಿಲ್ಮಿಂಗ್ಟನ್ನಿನಲ್ಲಿದ್ದ ಸೋದರಿಯ ಮಗಳ ಬಳಿ ಉಳಿದಿದ್ದ ದಿನಚರಿ ಅದು. ಹೆಂಗಸರೊಡನೆಯ ಒಲವೂ ಅದರಲ್ಲಿದೆ, ದುಡ್ಡಿನ ಮುಗ್ಗಟ್ಟೂ ಇದೆ. ಹಲ್ ಎರಡನ್ನೂ ಬಿಡಲಿಲ್ಲ. ಒಲವಿನ ಪುಟಗಳನ್ನಷ್ಟೇ ಹೆಕ್ಕಿದ್ದರೆ ಪುಸ್ತಕ ಬೇಗ ಸದ್ದು ಮಾಡುತ್ತಿತ್ತೇನೋ, ಆದರೆ ಆ ಹೆಂಗಸು ಬದುಕಿದ ರೀತಿ ನಮಗೆ ಕಾಣುತ್ತಿರಲಿಲ್ಲ.

‘ಇನ್ನೊಬ್ಬರ ಖಾಸಗಿ ಕಾಗದ ಓದುವುದು ಸರಿಯಾ ಮೇಡಂ?’ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಳು. ನ್ಯಾಯವಾದ ಪ್ರಶ್ನೆ. ಗ್ರಿಮ್ಕೆ ಆ ಹಾಳೆಗಳನ್ನು ಸುಟ್ಟುಹಾಕಲಿಲ್ಲ ಎಂದಷ್ಟೇ ನಾನು ಹೇಳಿದೆ. ಆಕೆ ತೀರಿಕೊಂಡದ್ದು 1958ರಲ್ಲಿ, ಆಯ್ದ ಬರಹಗಳ ಸಂಪುಟ ಬಂದದ್ದು 1991ರಲ್ಲಿ.